ತಪ್ಪಿದ ರಜೆ, ದಕ್ಕಿದ ಹಡಗು

ಪರೀಕ್ಷೆ ಮುಗಿದು ರಜೆ ಹತ್ತಿರವಾಗುತ್ತಿದ್ದಂತೆ ಮನೆಮನೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ನಕ್ಷೆ ಹರಡಿ ಊರುಗಳಿಗೆ ಗುರುತು ಹಾಕುವುದು, ರೈಲಿನ ವೇಳೆ ನೋಡುವುದು, ಖರ್ಚಿನ ಲೆಕ್ಕ ಹಾಕುವುದು ಎಲ್ಲವೂ ಮುಗಿದಿರುತ್ತದೆ. ಅಷ್ಟರಲ್ಲಿ ಏನಾದರೊಂದು ಅಡ್ಡಿ! ಜೊತೆಗೆ ಬರಬೇಕಾದವರಿಗೆ ಅನಾರೋಗ್ಯ, ಇಲ್ಲವೇ ಟಿಕೆಟ್ ಸಿಗದ ಸಂಕಟ. ಮಕ್ಕಳ ಮುಖ ಬಾಡುತ್ತದೆ. ಮಾಡಿದ ಸಿದ್ಧತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಹಿರಿಯರು ಕೈಚೆಲ್ಲುತ್ತಾರೆ.

1831ರ ಬೇಸಿಗೆಯಲ್ಲಿ ಇಂಗ್ಲೆಂಡಿನ ತರುಣನೊಬ್ಬನಿಗೂ ಹೀಗೇ ಆಯಿತು. ಆಗ ಅವನಿಗೆ 22 ವರ್ಷ. ತಿಂಗಳುಗಟ್ಟಲೆ ಕನಸು ಕಂಡ ಪ್ರವಾಸ ತಪ್ಪಿಹೋಯಿತು. ಅದರ ಬೆನ್ನಿಗೇ, ಹೊರಡಲು ನಾಲ್ಕು ವಾರವೂ ಉಳಿದಿರದ ಒಂದು ಹಡಗಿನಲ್ಲಿ ಜಾಗ ಇದೆಯೆಂಬ ಕಾಗದ ಬಂತು. ಆ ಹಡಗಿನ ಹೆಸರು ಬೀಗಲ್. ಆ ತರುಣ ಚಾರ್ಲ್ಸ್ ಡಾರ್ವಿನ್.

ಕನಸಿನ ದ್ವೀಪ

ಶ್ರೂಸ್‌ಬರಿ ಎಂಬ ಊರಿನ ಹೆಸರಾಂತ ವೈದ್ಯ ರಾಬರ್ಟ್ ಡಾರ್ವಿನ್ ತಮ್ಮ ಮಗನೂ ವೈದ್ಯನಾಗಲೆಂದು 1825ರಲ್ಲಿ ಅವನನ್ನು ಎಡಿನ್‌ಬರೋಗೆ ಓದಲು ಕಳುಹಿಸಿದ್ದರು. ಅರಿವಳಿಕೆ ಇಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ಕಣ್ಣಿಂದ ನೋಡಲಾರದ ಹುಡುಗ ಎರಡೇ ವರ್ಷಕ್ಕೆ ಆ ಓದನ್ನು ಬಿಟ್ಟ. ಪಾದ್ರಿಯಾದರೂ ಆಗಲಿ ಎಂದು ತಂದೆ ಕೇಂಬ್ರಿಜ್‌ಗೆ ಸೇರಿಸಿದರು. ಅಲ್ಲಿ ಪಠ್ಯಕ್ಕಿಂತ ಹೆಚ್ಚಾಗಿ ಅವನ ಮನಸ್ಸನ್ನು ಸೆಳೆದದ್ದು ಜೀರುಂಡೆಗಳ ಸಂಗ್ರಹ, ಮತ್ತು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಹೆನ್‌ಸ್ಲೋ ಅವರ ಜೊತೆಗಿನ ತಿರುಗಾಟ.

1831ರ ಜನವರಿಯಲ್ಲಿ ಪದವಿ ಪರೀಕ್ಷೆ ಪಾಸಾಯಿತು. ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ಬರೆದ ಪ್ರವಾಸಕಥನವನ್ನು ಓದಿ ಡಾರ್ವಿನ್‌ಗೆ ಟೆನೆರಿಫ್ ದ್ವೀಪದ ಹುಚ್ಚು ಹಿಡಿದಿತ್ತು. ಆಫ್ರಿಕದ ವಾಯವ್ಯ ಕರಾವಳಿಯಾಚೆ ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ ಇದೂ ಒಂದು. ಸಮುದ್ರದಿಂದ 3,715 ಮೀಟರ್ ಎತ್ತರಕ್ಕೆ ನಿಂತಿರುವ ಟೈಡೆ ಎಂಬ ಜ್ವಾಲಾಮುಖಿ ಇಲ್ಲಿಯದು. ಹಂಬೋಲ್ಟ್ ವರ್ಣಿಸಿದ ಪುಟಗಳನ್ನು ನಕಲು ಮಾಡಿಕೊಂಡು ಡಾರ್ವಿನ್ ಸ್ನೇಹಿತರಿಗೆಲ್ಲ ಓದಿ ಹೇಳಿದ. ಕೇಂಬ್ರಿಜ್‌ನ ಅಧ್ಯಾಪಕ ಮಾರ್ಮಡ್ಯೂಕ್ ರ‍್ಯಾಮ್ಸೆ ಜೊತೆಗೆ ಹೊರಡಲು ಮುಂದಾದರು.

ಕನಸು ಕಾಣುವುದಷ್ಟೇ ಆಗಿದ್ದರೆ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ಡಾರ್ವಿನ್ ಹಡಗಿನ ದರ ವಿಚಾರಿಸಿದ; 20 ಪೌಂಡ್ ಎಂದು ತಿಳಿಯಿತು. ಬೇಸರವಾದರೂ ಸ್ಪ್ಯಾನಿಷ್ ಭಾಷೆ ಕಲಿಯತೊಡಗಿದ. ಜ್ವಾಲಾಮುಖಿಯ ನೆಲವನ್ನು ನೋಡಿ ಅರ್ಥ ಮಾಡಿಕೊಳ್ಳಬೇಕಾದರೆ ಭೂವಿಜ್ಞಾನ ಗೊತ್ತಿರಬೇಕಲ್ಲವೇ? ಬಂಡೆಗಳ ಪದರ ಎಷ್ಟು ಓರೆಯಾಗಿದೆ ಎಂದು ಅಳೆಯುವ ಕ್ಲೈನೋಮೀಟರ್ ಎಂಬ ಉಪಕರಣವನ್ನು ಕೊಂಡು, ತನ್ನ ಕೋಣೆಯ ಮೇಜುಗಳನ್ನೆಲ್ಲ ಬೇರೆ ಬೇರೆ ಕೋನಗಳಲ್ಲಿ ಓರೆ ಮಾಡಿಟ್ಟು ಅಳತೆ ಅಭ್ಯಾಸ ಮಾಡಿದ. ಆಗಸ್ಟ್‌ನಲ್ಲಿ ಭೂವಿಜ್ಞಾನಿ ಆಡಂ ಸೆಜ್‌ವಿಕ್ ಅವರ ಹಿಂದೆ ವೇಲ್ಸ್‌ನ ಬೆಟ್ಟಗಳನ್ನು ಹತ್ತಿಳಿದ.

ಆದರೆ ಆ ವರ್ಷ ಹೊರಡುವ ಕಾಲ ಮೀರಿತ್ತು; ಪ್ರವಾಸವನ್ನು ಮುಂದಿನ ಜೂನ್‌ಗೆ ಹಾಕಬೇಕಾಯಿತು. ಅಷ್ಟರಲ್ಲಿ, ಜುಲೈ 31ರಂದು, ಜೊತೆಗಾರ ರ‍್ಯಾಮ್ಸೆ ತೀರಿಕೊಂಡರು.

ಎಂಟು ಆಕ್ಷೇಪಣೆಗಳು

ಆಗಸ್ಟ್ 29ರಂದು ಡಾರ್ವಿನ್ ಮನೆಗೆ ಮರಳಿದಾಗ ಹೆನ್‌ಸ್ಲೋ ಅವರ ಕಾಗದ ಕಾದಿತ್ತು. ರ‍್ಯಾಮ್ಸೆಯವರ ಸಾವಿಗೆ ಸಂತಾಪ ಹೇಳಿ, ಅದೇ ಕಾಗದದಲ್ಲಿ ಅವರು ಹೊಸ ಸುದ್ದಿಯನ್ನೂ ಬರೆದಿದ್ದರು. ದಕ್ಷಿಣ ಅಮೆರಿಕದ ಕರಾವಳಿಯ ನಕ್ಷೆ ತಯಾರಿಸಲು ನೌಕಾಪಡೆಯ ಹಡಗೊಂದು ಹೊರಡಲಿದೆ. ಅದರ ಕ್ಯಾಪ್ಟನ್‌ಗೆ ಜೊತೆಗಾರನಾಗಿ ಪ್ರಕೃತಿಯ ಅಧ್ಯಯನ ಬಲ್ಲ ಒಬ್ಬರು ಬೇಕು. ಸೆಪ್ಟೆಂಬರ್ 25ಕ್ಕೇ ಹಡಗು ಹೊರಡಬಹುದು. ಹೆನ್‌ಸ್ಲೋ ತಾವೇ ಹೋಗಲು ಯೋಚಿಸಿ, ಹೆಂಡತಿಯ ಬಾಡಿದ ಮುಖ ನೋಡಿ ಬಿಟ್ಟಿದ್ದರು. ಅವರ ಬಂಧು ಲೆನರ್ಡ್ ಜೆನಿನ್ಸ್‌ಗೆ ಪಾದ್ರಿಯ ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಹೀಗೆ ಆ ಅವಕಾಶ ಡಾರ್ವಿನ್ ತನಕ ಬಂದಿತ್ತು.

ಈ ಕೆಲಸಕ್ಕೆ ಸಂಬಳವಿಲ್ಲ. ಖರ್ಚು ತಂದೆಯದೇ. ರಾಬರ್ಟ್ ಡಾರ್ವಿನ್ ಒಪ್ಪಲಿಲ್ಲ. ಪಾದ್ರಿಯಾಗುವವನಿಗೆ ಇದು ಶೋಭೆಯಲ್ಲ. ಇದು ಹುಚ್ಚು ಸಾಹಸ. ಮೊದಲು ಬೇರೆಯವರನ್ನು ಕೇಳಿಯೇ ಇರುತ್ತಾರೆ. ಅವರು ಬೇಡವೆಂದರೆ ಹಡಗಿನಲ್ಲೇ ದೋಷವಿರಬೇಕು. ಹೋಗಿಬಂದ ಮೇಲೆ ಮಗ ಒಂದು ಕಡೆ ನೆಲೆ ನಿಲ್ಲಲಾರ. ಹಡಗಿನ ವಾಸ ಕಷ್ಟದ್ದು. ಮತ್ತೊಮ್ಮೆ ಉದ್ಯೋಗ ಬದಲಿಸಿದಂತಾಗುತ್ತದೆ. ಇದರಿಂದ ಪ್ರಯೋಜನವೂ ಇಲ್ಲ. ಹೀಗೆ ಎಂಟು ಆಕ್ಷೇಪಣೆಗಳು. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟ ಮಗನ ತಂದೆ ಹೀಗೆ ಯೋಚಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅವರು ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ವಿವೇಕವುಳ್ಳ ಯಾರಾದರೂ ಒಬ್ಬರು ಹೋಗೆಂದರೆ ತಾವೂ ಒಪ್ಪುವುದಾಗಿ ಹೇಳಿದರು.

ಡಾರ್ವಿನ್ ತಂದೆಯ ಮಾತು ಮೀರಲಿಲ್ಲ. ಆಗಸ್ಟ್ 30ರಂದು, ಬರಲಾಗುವುದಿಲ್ಲವೆಂದು ಹೆನ್‌ಸ್ಲೋಗೆ ಬರೆದ. ಮರುದಿನ ಬೇಟೆಯ ನೆಪದಲ್ಲಿ ಸೋದರಮಾವ ಜೊಸಾಯ ವೆಜ್‌ವುಡ್ ಅವರ ಮನೆಗೆ ಹೋದ. ವೆಜ್‌ವುಡ್ ಪಿಂಗಾಣಿ ಉದ್ಯಮದ ಮನೆತನದವರು. ತಂದೆಗೆ ಬಹಳ ಗೌರವವಿದ್ದ ವ್ಯಕ್ತಿ. ಡಾರ್ವಿನ್ ಎಂಟೂ ಆಕ್ಷೇಪಣೆಗಳನ್ನು ಕ್ರಮವಾಗಿ ಬರೆದುಕೊಟ್ಟ. ಮಾವ ಭಾವುಕರಾಗಿ ವಾದಿಸಲಿಲ್ಲ. ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಬರೆದರು. ಪ್ರಕೃತಿಯ ಅಧ್ಯಯನ ಪಾದ್ರಿಗೆ ತಕ್ಕುದೇ; ಪಾದ್ರಿಯ ವೃತ್ತಿಗೆ ಇದರಿಂದ ನೇರ ಲಾಭವಿಲ್ಲದಿದ್ದರೂ ಕುತೂಹಲವುಳ್ಳವನಿಗೆ ಲೋಕ ನೋಡುವ ಇಂಥ ಅವಕಾಶ ಅಪರೂಪ ಎಂಬುದು ಅವರ ಉತ್ತರಗಳ ಸಾರ. ಕಾಗದ ಸಾಲದೆಂದು ಮರುದಿನ ಬೆಳಿಗ್ಗೆ ಡಾರ್ವಿನ್‌ನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಾವೇ ಶ್ರೂಸ್‌ಬರಿಗೆ ಬಂದರು. ಕೊಟ್ಟ ಮಾತಿನಂತೆ ತಂದೆ ಒಪ್ಪಿದರು.

ಮೂಗು ನೋಡಿದ ಕ್ಯಾಪ್ಟನ್

ಅಡ್ಡಿ ಅಲ್ಲಿಗೂ ಮುಗಿಯಲಿಲ್ಲ. ಬೀಗಲ್‌ನ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ ಆ ಜಾಗವನ್ನು ತನ್ನ ಸ್ನೇಹಿತನೊಬ್ಬನಿಗೆ ಹೇಳಿದ್ದ. ಸೆಪ್ಟೆಂಬರ್ 5ರಂದು ಡಾರ್ವಿನ್ ಲಂಡನ್ನಿನಲ್ಲಿ ಅವನನ್ನು ಕಂಡಾಗ, ಆ ಸ್ನೇಹಿತ ಬರಲಾರೆನೆಂದು ತಿಳಿಸಿ ಐದು ನಿಮಿಷವಷ್ಟೇ ಆಗಿತ್ತಂತೆ! ಮುಖಚರ್ಯೆಯಿಂದ ಗುಣ ಹೇಳಬಹುದೆಂದು ನಂಬಿದ್ದ 26 ವರ್ಷದ ಫಿಟ್ಜ್‌ರಾಯ್‌ಗೆ, ಡಾರ್ವಿನ್‌ನ ಮೂಗು ನೋಡಿ ಇವನು ದೃಢಚಿತ್ತನಲ್ಲವೇನೋ ಎಂಬ ಅನುಮಾನ ಬಂದಿತ್ತು. ಮಾತನಾಡಿದ ಮೇಲೆ ಅದು ಹೋಯಿತು.

ಬೀಗಲ್ ಸುಮಾರು 90 ಅಡಿ ಉದ್ದದ ಹಡಗು. ಅದರಲ್ಲಿ 70ಕ್ಕೂ ಹೆಚ್ಚು ಜನ. ನಕ್ಷೆ ಬರೆಯುವ ದೊಡ್ಡ ಮೇಜಿದ್ದ ಕೋಣೆಯಲ್ಲಿ, ಅದರ ಮೇಲ್ಗಡೆ ತೂಗುಹಾಸಿಗೆ ಕಟ್ಟಿ ಡಾರ್ವಿನ್ ಮಲಗಬೇಕಿತ್ತು. ಕಾಲು ಚಾಚಲು ಜಾಗ ಸಾಲದೆ ಗೋಡೆಯ ಬೀರುವಿನ ಡ್ರಾಯರ್ ಒಂದನ್ನು ತೆಗೆಯಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಹೊರಡಬೇಕಿದ್ದ ಹಡಗು ದುರಸ್ತಿಗಾಗಿ ತಡವಾಯಿತು. ಡಿಸೆಂಬರ್‌ನಲ್ಲಿ ಎರಡು ಸಲ ಹೊರಟು ಬಿರುಗಾಳಿಗೆ ಸಿಕ್ಕಿ ವಾಪಸಾಯಿತು. ಕಾಯುತ್ತ ಕುಳಿತ ಡಾರ್ವಿನ್‌ಗೆ ಎದೆ ಡವಗುಟ್ಟುತ್ತಿತ್ತು. ವೈದ್ಯರು ಬೇಡವೆಂದಾರೆಂದು ಹೆದರಿ ಅವನು ಯಾರಿಗೂ ತೋರಿಸಲಿಲ್ಲ. ಕೊನೆಗೆ ಡಿಸೆಂಬರ್ 27ರಂದು ಬೀಗಲ್ ಹೊರಟಿತು. ಹೊರಟದ್ದೇ ತಡ, ಕಡಲಬೇನೆ ಹಿಡಿದು ಅವನು ಹಾಸಿಗೆ ಸೇರಿದ.

ಕಂಡರೂ ಕಾಲಿಡಲಾಗದ ನೆಲ

1832ರ ಜನವರಿ 6ರಂದು ಬೀಗಲ್ ಮುಟ್ಟಿದ ಮೊದಲ ಬಂದರು ಯಾವುದು ಗೊತ್ತೇ? ಟೆನೆರಿಫ್! ತಪ್ಪಿಹೋದ ಕನಸಿನ ದ್ವೀಪವೇ ಕಣ್ಣೆದುರಿಗೆ ಬಂದಿತ್ತು. ಅಷ್ಟರಲ್ಲಿ ದಡದಿಂದ ಬಂದ ದೋಣಿಯವರು, ಹನ್ನೆರಡು ದಿನ ಯಾರೂ ಇಳಿಯಕೂಡದು ಎಂದರು. ಇಂಗ್ಲೆಂಡಿನಲ್ಲಿ ಕಾಲರಾ ಇದೆಯೆಂಬ ಸುದ್ದಿ ಹಡಗಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಕಾಲರಾ ಹೇಗೆ ಹರಡುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ಬಂದವರನ್ನು ದೂರವಿಡುವುದೊಂದೇ ಉಪಾಯ. ಕಾಯಲು ಮನಸ್ಸಿಲ್ಲದ ಫಿಟ್ಜ್‌ರಾಯ್ ಹಡಗನ್ನು ಮುಂದಕ್ಕೆ ನಡೆಸಿದ. ಟೈಡೆ ಶಿಖರ ಹಿಂದೆ ಸರಿಯುವುದನ್ನು ನೋಡುತ್ತ ನಿಲ್ಲುವುದಷ್ಟೇ ಡಾರ್ವಿನ್‌ನ ಪಾಲಿಗೆ ಉಳಿಯಿತು.

ಹಾಗಾದರೆ ಕಲಿತದ್ದೆಲ್ಲ ದಂಡವಾಯಿತೇ? ಹತ್ತೇ ದಿನಗಳಲ್ಲಿ ಉತ್ತರ ಸಿಕ್ಕಿತು. ಕೇಪ್ ವರ್ಡೆ ದ್ವೀಪಗಳ ಸಾಂಟಿಯಾಗೋದಲ್ಲಿ ಇಳಿದಾಗ, ಕಡಲತಡಿಯ ಬಂಡೆಯಲ್ಲಿ ನೀರಿನಿಂದ ಸುಮಾರು 45 ಅಡಿ ಮೇಲೆ ಬಿಳಿಯ ಪಟ್ಟೆಯೊಂದು ಕಂಡಿತು. ಅದರ ತುಂಬ ಸಮುದ್ರದ ಚಿಪ್ಪುಗಳು. ಹಿಂದೆ ನೀರಿನಡಿ ಇದ್ದ ಆ ಪದರದ ಮೇಲೆ ಲಾವಾ ಹರಿದು, ನಂತರ ನೆಲ ಮೇಲೆದ್ದಿದೆ ಎಂದು ಡಾರ್ವಿನ್ ಓದಿಕೊಂಡ. ಟೆನೆರಿಫ್‌ಗೆಂದು ಕಲಿತ ಭೂವಿಜ್ಞಾನ ಇಲ್ಲಿ ಕೆಲಸಕ್ಕೆ ಬಂತು. ಬೇಸರದಿಂದ ಕಲಿತ ಸ್ಪ್ಯಾನಿಷ್ ಭಾಷೆಗೂ ಅರ್ಜೆಂಟೀನ, ಚಿಲಿ ದೇಶಗಳಲ್ಲಿ ಉಪಯೋಗ ಒದಗಿತು. ಎಡಿನ್‌ಬರೋದಲ್ಲಿ ವೈದ್ಯಕೀಯ ಬಿಟ್ಟರೂ, ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದಿದ್ದ ಜಾನ್ ಎಡ್ಮನ್‌ಸ್ಟನ್ ಎಂಬುವರಿಂದ ಹಕ್ಕಿಗಳ ಚರ್ಮ ಸುಲಿದು ಕೆಡದಂತೆ ತುಂಬಿಡುವ ವಿದ್ಯೆಯನ್ನು ಅವನು ಕಲಿತಿದ್ದ. ಹಡಗಿನಲ್ಲಿ ಅದೂ ಬೇಕಾಯಿತು.

ಎರಡು ವರ್ಷದ್ದೆಂದುಕೊಂಡಿದ್ದ ಯಾನ ಸುಮಾರು ಐದು ವರ್ಷಕ್ಕೆ ಹಿಗ್ಗಿತು. 1835ರ ಸೆಪ್ಟೆಂಬರ್‌ನಲ್ಲಿ ಗೆಲಪಗೋಸ್ ತಲಪಿದಾಗ, ಒಂದೊಂದು ದ್ವೀಪದ ಅಣಕುಹಕ್ಕಿಯೂ ಸ್ವಲ್ಪ ಸ್ವಲ್ಪ ಬೇರೆಯಾಗಿರುವುದು ಅವನ ಗಮನಕ್ಕೆ ಬಂತು. ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧವಾದ ಫಿಂಚ್ ಹಕ್ಕಿಗಳ ಮಹತ್ವ ತಿಳಿದದ್ದು ಊರಿಗೆ ಮರಳಿದ ಮೇಲೆ, 1837ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಅವುಗಳನ್ನು ಪರೀಕ್ಷಿಸಿದಾಗ. 1836ರ ಅಕ್ಟೋಬರ್ 2ರಂದು ಬೀಗಲ್ ಇಂಗ್ಲೆಂಡ್ ಮುಟ್ಟಿತು. ಜೀವಿಗಳ ಉಗಮವನ್ನು ಕುರಿತ ಡಾರ್ವಿನ್‌ನ ಗ್ರಂಥ ಹೊರಬಂದದ್ದು 1859ರ ನವೆಂಬರ್ 24ರಂದು.

ಡಾರ್ವಿನ್‌ಗೆ ಅದೃಷ್ಟ ಒಲಿಯಿತು ಎಂದು ಹೇಳಿಬಿಡುವುದು ಸುಲಭ. ಇಬ್ಬರು ಬೇಡವೆಂದದ್ದು, ಕ್ಯಾಪ್ಟನ್ನನ ಸ್ನೇಹಿತ ಹಿಂದೆ ಸರಿದದ್ದು ಅದೃಷ್ಟವೇ ಸರಿ. ಆದರೆ ಅವಕಾಶ ಬಂದಾಗ ಹೆನ್‌ಸ್ಲೋ ಈ ಹುಡುಗನ ಹೆಸರನ್ನೇ ಏಕೆ ನೆನೆದರು? ಒಂದು ರಜೆಗಾಗಿ ಅವನು ಪಟ್ಟ ಪಾಡನ್ನು ಅವರು ಕಣ್ಣಾರೆ ಕಂಡಿದ್ದರು. ಆ ರಜೆ ಕೈಬಿಟ್ಟಿತು. ಅದಕ್ಕೆಂದು ಕಲಿತದ್ದು ಕೈಬಿಡಲಿಲ್ಲ.

ತಂದೆ ತಾಯಿಯರು ನೆನಪಿಡಬೇಕಾದದ್ದೂ ಇಲ್ಲಿದೆ. ಮಗ ಕೇಳಿದ್ದಕ್ಕೆಲ್ಲ ರಾಬರ್ಟ್ ಡಾರ್ವಿನ್ ತಲೆಯಾಡಿಸಲಿಲ್ಲ. ತಮ್ಮ ಆತಂಕಗಳನ್ನು ಬಿಡಿಸಿ ಹೇಳಿದರು, ಉತ್ತರ ಬಂದಾಗ ಕೇಳಿಸಿಕೊಂಡರು, ಆಡಿದ ಮಾತಿಗೆ ನಿಂತರು. ಬೇಡವೆನ್ನುವಾಗ ಕಾರಣ ಹೇಳುವ ಹಿರಿಯರಿದ್ದರೆ, ಆ ಕಾರಣಗಳಿಗೆ ಉತ್ತರ ಹುಡುಕುವುದನ್ನು ಮಕ್ಕಳು ತಾವೇ ಕಲಿಯುತ್ತಾರೆ.