ಆರೋಗ್ಯ ಸೇವೆಯೂ ಕಾಯಕವೇ: ಪದವಿ ವ್ಯಾಸಂಗವನ್ನು ಯೋಜಿಸುವ ಬಗೆ



ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ಮಠದ ಕಾರ್ಯಾಲಯಕ್ಕೆ ಬರುವ ಪಾಲಕರ ಸಂಖ್ಯೆ ಹೆಚ್ಚುತ್ತದೆ. ಅವರಲ್ಲಿ ಹಲವರ ಬೇಡಿಕೆ ಒಂದೇ: ಮಗನಿಗೋ ಮಗಳಿಗೋ ವೈದ್ಯಕೀಯ ಸೀಟು ದೊರೆಯುವಂತೆ ಶ್ರೀಗಳಿಂದ ಒಂದು ಶಿಫಾರಸು ಪತ್ರ ಬೇಕು. ಪೂಜ್ಯರ ಆಶೀರ್ವಾದ ಎಲ್ಲ ಮಕ್ಕಳ ಮೇಲೂ ಇದೆ. ಆದರೆ ಪರೀಕ್ಷೆಯ ಶ್ರೇಣಿಯ ಆಧಾರದ ಮೇಲೆ ನಡೆಯುವ ಪ್ರವೇಶದಲ್ಲಿ ಯಾವ ಪತ್ರವೂ ಶ್ರೇಣಿಯನ್ನು ಬದಲಿಸಲಾರದು. ಈ ಕುಟುಂಬಗಳಿಗೆ ನಿಜವಾಗಿ ಬೇಕಾಗಿದ್ದುದು ಪತ್ರವಲ್ಲ, ಎರಡು ವರ್ಷ ಮೊದಲೇ ದೊರೆಯಬೇಕಾಗಿದ್ದ ತಿಳಿವಳಿಕೆ. ಅದನ್ನು ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಕಾಯಕದಲ್ಲಿ ಮೇಲುಕೀಳಿಲ್ಲ

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗ, ಔಷಧಿ, ಪಥ್ಯಗಳ ಪರಿಭಾಷೆಯಲ್ಲಿಯೇ ಅವರು ವಚನಗಳನ್ನು ರಚಿಸಿದರು. ಅದೇ ಅನುಭವ ಮಂಟಪದಲ್ಲಿ ಬಟ್ಟೆ ಒಗೆಯುವ ಮಾಚಯ್ಯನವರೂ ದೋಣಿ ನಡೆಸುವ ಚೌಡಯ್ಯನವರೂ ವೈದ್ಯರ ಸಮಸಮಕ್ಕೆ ಕುಳಿತರು. ಈ ಪರಂಪರೆಯ ವಾರಸುದಾರರಾದ ನಾವು ಇಂದು ಆಸ್ಪತ್ರೆಯೊಳಗೆ ಮಾತ್ರ ಮೇಲುಕೀಳನ್ನು ಎಣಿಸುತ್ತಿದ್ದೇವೆ. ವೈದ್ಯನಾದರೆ ಗೌರವ, ಶುಶ್ರೂಷಕಿಯಾದರೆ ಸಂಕೋಚ, ಪ್ರಯೋಗಾಲಯದ ತಂತ್ರಜ್ಞನಾದರೆ ಸೋಲು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ.

ಒಬ್ಬ ರೋಗಿ ಗುಣವಾಗಿ ಮನೆಗೆ ಮರಳುವುದರ ಹಿಂದೆ ಎಷ್ಟು ಕೈಗಳಿರುತ್ತವೆ ಎಂದು ಯೋಚಿಸೋಣ. ರಕ್ತ ಪರೀಕ್ಷಿಸಿದವರು, ಅರಿವಳಿಕೆಯ ಯಂತ್ರವನ್ನು ಸಜ್ಜುಗೊಳಿಸಿದವರು, ರಾತ್ರಿಯಿಡೀ ಎಚ್ಚರವಿದ್ದು ಆರೈಕೆ ಮಾಡಿದವರು, ಔಷಧಿಯ ಪ್ರಮಾಣವನ್ನು ಸರಿನೋಡಿ ಕೊಟ್ಟವರು, ಬಿದ್ದ ಕಾಲಿಗೆ ಮತ್ತೆ ನಡಿಗೆ ಕಲಿಸಿದವರು. ಇವರೆಲ್ಲರೂ ಪದವಿ ಪಡೆದು ಬಂದವರೇ. ವೈದ್ಯಕೀಯ ಸೀಟು ಸಿಗಲಿಲ್ಲವೆಂದರೆ ಆರೋಗ್ಯ ಸೇವೆಯ ಬಾಗಿಲೇ ಮುಚ್ಚಿತೆಂದು ತಿಳಿಯುವುದು ಸರಿಯಲ್ಲ.

ಯೋಜನೆ ಆರಂಭವಾಗುವುದು ಪಿಯುಸಿಯಲ್ಲಿ

ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪಥಿ, ಬಿಎಸ್‌ಸಿ ನರ್ಸಿಂಗ್ ಮುಂತಾದ ಕೋರ್ಸುಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಹಾಗೂ ಇಂಗ್ಲಿಷ್ ಓದಿರುವುದು ಅವಶ್ಯ. ಈ ಮೂರು ವಿಜ್ಞಾನ ವಿಷಯಗಳ ಜೊತೆಗೆ ಗಣಿತವನ್ನೂ ಇಟ್ಟುಕೊಳ್ಳುವುದು ವಿವೇಕದ ಕ್ರಮ. ಮುಂದೆ ಮನಸ್ಸು ಬದಲಾದರೂ ದಾರಿಗಳು ತೆರೆದಿರುತ್ತವೆ. ಬಿ.ಫಾರ್ಮ ಪದವಿಗೆ ಭೌತ ಮತ್ತು ರಸಾಯನಶಾಸ್ತ್ರಗಳ ಜೊತೆ ಗಣಿತವಾದರೂ ಆಗುತ್ತದೆ, ಜೀವಶಾಸ್ತ್ರವಾದರೂ ಆಗುತ್ತದೆ. ಜೀವಶಾಸ್ತ್ರವನ್ನು ಬಿಟ್ಟು ಪಿಯುಸಿ ಮುಗಿಸಿದವರು ಅದನ್ನು ಹೆಚ್ಚುವರಿ ವಿಷಯವಾಗಿ ಓದಿ ಉತ್ತೀರ್ಣರಾದರೆ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಪ್ರಕಟಿಸಿದೆ.

ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಇದರಲ್ಲಿ ಜೀವಶಾಸ್ತ್ರದ್ದೇ 90 ಪ್ರಶ್ನೆಗಳು, ಉಳಿದೆರಡು ವಿಷಯಗಳಿಗೆ ತಲಾ 45. ಸರಿಯುತ್ತರಕ್ಕೆ 4 ಅಂಕ ದೊರೆತರೆ ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಲಭ್ಯವಿದೆ. ನೀಟ್ ಬರೆದರೆ ಸಾಲದು, ರಾಜ್ಯದ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿಯೂ ನೋಂದಾಯಿಸಿಕೊಳ್ಳಬೇಕು. ಅದರ ಜೊತೆಗೆ ಕೆಸಿಇಟಿ ಬರೆಯುವುದನ್ನು ಯಾವ ವಿದ್ಯಾರ್ಥಿಯೂ ಬಿಡಬಾರದು. ಬಿ.ಫಾರ್ಮ, ಬಿಎಸ್‌ಸಿ ನರ್ಸಿಂಗ್ ಮೊದಲಾದವುಗಳ ಪ್ರವೇಶ ಆ ಅಂಕಗಳ ಮೇಲೆಯೇ ನಿಂತಿದೆ. "ಡಾಕ್ಟರೇ ಆಗುವವನಿಗೆ ಸಿಇಟಿ ಏಕೆ" ಎಂದು ಕೈಬಿಟ್ಟವರು ಒಂದು ವರ್ಷ ಕಳೆದುಕೊಂಡು ಮರಳಿ ಬಂದಿರುವುದನ್ನು ನಾವು ಕಂಡಿದ್ದೇವೆ.

ಎಷ್ಟು ಸಲ ಪ್ರಯತ್ನಿಸಬೇಕು?

ಎಂಬಿಬಿಎಸ್ ಪದವಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್ ಇದೆ. ಬಿಎಎಂಎಸ್ ಮತ್ತು ಬಿಎಚ್‌ಎಂಎಸ್ ಪದವಿಗಳ ಅವಧಿಯೂ ಇಷ್ಟೇ. ತಜ್ಞವೈದ್ಯರಾಗಲು ಮತ್ತೆ ಮೂರು ವರ್ಷ ಬೇಕು. ಹೀಗಿರುವಾಗ ನೀಟ್‌ಗಾಗಿಯೇ ಮೂರು ನಾಲ್ಕು ವರ್ಷಗಳನ್ನು ತೆಗೆದಿಟ್ಟರೆ ಯೌವನದ ಬಹುಭಾಗ ಅದರಲ್ಲಿಯೇ ಕಳೆದುಹೋಗುತ್ತದೆ. ಮೊದಲ ಪ್ರಯತ್ನದಲ್ಲಿ ಶ್ರೇಣಿ ಹತ್ತಿರಕ್ಕೆ ಬಂದಿದ್ದರೆ ಇನ್ನೊಂದು ವರ್ಷ ಶ್ರಮಿಸುವುದರಲ್ಲಿ ಅರ್ಥವಿದೆ. ಆದರೆ ಎಷ್ಟು ಸಲವೆಂಬ ಮಿತಿಯನ್ನು ಫಲಿತಾಂಶ ಬರುವ ಮೊದಲೇ ಮನೆಯವರೆಲ್ಲರೂ ಕುಳಿತು, ಮಗುವಿನ ಮಾತನ್ನೂ ಕೇಳಿ ನಿಶ್ಚಯಿಸಬೇಕು. ತಂದೆತಾಯಿಯ ಮುಖ ನೋಡಲು ಹೆದರಿ ಕೋಣೆಯ ಬಾಗಿಲು ಹಾಕಿಕೊಳ್ಳುವ ಮಕ್ಕಳ ನೋವು ಸಣ್ಣದಲ್ಲ. ಸೀಟು ಹೋದರೆ ಬೇರೊಂದು ಸಿಗುತ್ತದೆ, ಮಗು ಹೋದರೆ ಸಿಗುವುದಿಲ್ಲ.

ಹಣದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೊದಲ ವರ್ಷದ ಶುಲ್ಕವನ್ನು ಮಾತ್ರ ನೋಡಿ ಮ್ಯಾನೇಜ್‌ಮೆಂಟ್ ಸೀಟಿಗೆ ಒಪ್ಪಿಕೊಳ್ಳಬಾರದು. ಪೂರ್ಣಾವಧಿಯ ಶುಲ್ಕ, ವಸತಿ, ಊಟ, ಪುಸ್ತಕ, ಪರೀಕ್ಷಾ ವೆಚ್ಚಗಳನ್ನು ಒಂದು ಕಾಗದದ ಮೇಲೆ ಬರೆದು ಕೂಡಿಸಬೇಕು. ಮನೆಯ ಅನ್ನದ ಮೂಲವಾದ ಹೊಲವನ್ನು ಮಾರಿ ಒಬ್ಬನನ್ನು ಓದಿಸಿ, ಅವನ ತಂಗಿಯ ಓದನ್ನು ಪಿಯುಸಿಗೆ ನಿಲ್ಲಿಸುವುದು ನ್ಯಾಯವಲ್ಲ. ಗಂಡನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ವಿವೇಕ ಇಂದಿಗೂ ನಮಗೆ ದಾರಿದೀಪ.

ಉಳಿದ ದಾರಿಗಳು

ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷಗಳ ಪದವಿ. ಕಲೆ ಅಥವಾ ವಾಣಿಜ್ಯ ಓದಿದವರಿಗೂ ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಇದೆ. ಅದನ್ನು ಮುಗಿಸಿ ನೋಂದಣಿ ಪಡೆದವರು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿಎಸ್‌ಸಿ ಮೂಲಕ ಪದವಿಯನ್ನೂ ಮುಂದೆ ಎಂಎಸ್‌ಸಿಯನ್ನೂ ಪಡೆಯಬಹುದು. ರಾತ್ರಿ ಪಾಳಿಯ ಕಾರಣಕ್ಕೆ ಹೆಣ್ಣುಮಕ್ಕಳನ್ನು ಈ ಕೋರ್ಸಿಗೆ ಕಳುಹಿಸಲು ಹಿಂಜರಿಯುವ ಪಾಲಕರಿದ್ದಾರೆ. ತಮ್ಮ ಮನೆಯ ಹಿರಿಯರು ಆಸ್ಪತ್ರೆಯಲ್ಲಿ ಮಲಗಿದಾಗ ನಡುರಾತ್ರಿ ಬಂದು ನೋಡಿದವರು ಯಾರ ಮನೆಯ ಮಕ್ಕಳೆಂದು ಅವರು ಒಮ್ಮೆ ಯೋಚಿಸಲಿ.

ಔಷಧ ವಿಜ್ಞಾನದಲ್ಲಿ ಎರಡು ವರ್ಷಗಳ ಡಿ.ಫಾರ್ಮ, ನಾಲ್ಕು ವರ್ಷಗಳ ಬಿ.ಫಾರ್ಮ, ಆರು ವರ್ಷಗಳ ಫಾರ್ಮ.ಡಿ ಇವೆ. ಡಿ.ಫಾರ್ಮ ಮುಗಿಸಿದವರು ಬಿ.ಫಾರ್ಮದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಪೂಜೆ, ಪಾಠ, ಮಳಿಗೆ ಎಲ್ಲವನ್ನೂ ಊರಿನಲ್ಲಿಯೇ ನಡೆಸಬಯಸುವವರಿಗೆ ಇದು ಒಳ್ಳೆಯ ದಾರಿ.

1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಫಿಸಿಯೋಥೆರಪಿ, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ, ಇಮೇಜಿಂಗ್, ಡಯಾಲಿಸಿಸ್, ಅರಿವಳಿಕೆ ಮತ್ತು ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞಾನ, ಆಪ್ಟೊಮೆಟ್ರಿ ಮುಂತಾದ ಪದವಿಗಳಿವೆ. ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಘಟಕಗಳಿರುವುದರಿಂದ ಈ ಕಾಯಕಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಪೂರಕ ಆರೋಗ್ಯ ವೃತ್ತಿಗಳಿಗಾಗಿ ಪ್ರತ್ಯೇಕ ಕಾಯಿದೆ ತಂದು ರಾಷ್ಟ್ರೀಯ ಆಯೋಗಕ್ಕೆ ಅವಕಾಶ ಕಲ್ಪಿಸಿದೆ. ವಾಕ್ ಮತ್ತು ಶ್ರವಣ ದೋಷಗಳ ಚಿಕಿತ್ಸೆಗೆ ಸಂಬಂಧಿಸಿದ ಬಿಎಎಸ್‌ಎಲ್‌ಪಿ ಪದವಿಗೆ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾಗಿದೆ.

ಸಾಮಾನ್ಯ ಪದವಿಯ ಮೂಲಕ

ಬಿಎಸ್‌ಸಿ ಅಥವಾ ಬಿಎ ಓದುತ್ತಿರುವವರಿಗೂ ಆರೋಗ್ಯ ಕ್ಷೇತ್ರದಲ್ಲಿ ಸ್ಥಾನವಿದೆ. ಆದರೆ ಇಲ್ಲಿ ಯೋಜನೆ ಹಿಂದಿನಿಂದ ಮುಂದಕ್ಕೆ ನಡೆಯಬೇಕು. ಮೊದಲು ಸೇರಬಯಸುವ ಸ್ನಾತಕೋತ್ತರ ಕೋರ್ಸಿನ ಅರ್ಹತಾ ನಿಯಮವನ್ನು ಓದಿ, ಅದಕ್ಕೆ ಬೇಕಾದ ವಿಷಯಗಳನ್ನು ಪದವಿಯ ಮೊದಲ ವರ್ಷದಲ್ಲಿಯೇ ಆರಿಸಿಕೊಳ್ಳಬೇಕು. ಜೀವರಸಾಯನ ಅಥವಾ ಸೂಕ್ಷ್ಮಜೀವಿ ವಿಜ್ಞಾನದ ಕಡೆಗೆ ಹೋಗುವವರು ರಸಾಯನಶಾಸ್ತ್ರವನ್ನು ಬಿಡಬಾರದು. ಭೌತಶಾಸ್ತ್ರ ಮತ್ತು ಗಣಿತ ಓದಿದವರು ವೈದ್ಯಕೀಯ ಭೌತವಿಜ್ಞಾನದಲ್ಲಿ ಎಂಎಸ್‌ಸಿ ಮಾಡಿ ಕ್ಯಾನ್ಸರ್ ಆಸ್ಪತ್ರೆಗಳ ವಿಕಿರಣ ಚಿಕಿತ್ಸಾ ವಿಭಾಗಗಳಲ್ಲಿ ದುಡಿಯಬಹುದು. ಮನಃಶಾಸ್ತ್ರ ಮತ್ತು ಸಮಾಜಕಾರ್ಯ ಓದಿದವರಿಗೆ ಮಾನಸಿಕ ಆರೋಗ್ಯ ಸೇವೆ ತೆರೆದಿದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಹಲವು ವಿಶ್ವವಿದ್ಯಾಲಯಗಳು ಬೇರೆ ಬೇರೆ ಪದವೀಧರರನ್ನು ಸೇರಿಸಿಕೊಳ್ಳುತ್ತವೆ. ಇಂಥವರು ಸಂಖ್ಯಾಶಾಸ್ತ್ರದ ಒಂದು ಪತ್ರಿಕೆಯನ್ನಾದರೂ ಓದಿಕೊಂಡಿದ್ದರೆ ಒಳಿತು.

ಎರಡು ಎಚ್ಚರಿಕೆಯ ಮಾತುಗಳು. ಸೂಕ್ಷ್ಮಜೀವಿ ವಿಜ್ಞಾನದ ಬಿಎಸ್‌ಸಿ ಬೇರೆ, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಬಿಎಸ್‌ಸಿ ಬೇರೆ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೇ ಎಂದು ತಿಳಿಯಬಾರದು. ಅಲ್ಲದೆ ಬಿಎಸ್‌ಸಿಯಲ್ಲಿ ಎಷ್ಟೇ ಅಂಕ ಬಂದರೂ ನಮ್ಮ ದೇಶದಲ್ಲಿ ಅದು ನೀಟ್‌ಗೆ ಬದಲಿಯಾಗುವುದಿಲ್ಲ.

ಅಮೆರಿಕದಲ್ಲಿ ನೆಲೆಸಿರುವ ಭಕ್ತರ ಮಕ್ಕಳಿಗೆ ಕ್ರಮ ಬೇರೆಯೇ ಇದೆ. ಅಲ್ಲಿ ನಾಲ್ಕು ವರ್ಷಗಳ ಪದವಿಯ ನಂತರವೇ ಸಾಮಾನ್ಯವಾಗಿ ವೈದ್ಯಕೀಯ ಶಿಕ್ಷಣ ಆರಂಭವಾಗುತ್ತದೆ. ಪದವಿಯ ಮುಖ್ಯ ವಿಷಯ ಸಾಹಿತ್ಯವೇ ಆಗಿರಬಹುದು, ಆದರೆ ಜೀವಶಾಸ್ತ್ರ, ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಪ್ರಯೋಗಸಹಿತ ಓದಿ ಎಂಕ್ಯಾಟ್ ಪರೀಕ್ಷೆ ಬರೆಯಬೇಕಾಗುತ್ತದೆ. ಊರಿನ ಬಂಧುಗಳು ಅವರ ಕ್ರಮವನ್ನು ಕೇಳಿ ಇಲ್ಲಿನ ಮಕ್ಕಳಿಗೆ ಅನ್ವಯಿಸಿದರೆ ಗೊಂದಲವಾದೀತು.

ಮಾನ್ಯತೆ ಮತ್ತು ದಾಖಲೆಗಳು

ಶುಲ್ಕ ಕಟ್ಟುವ ಮೊದಲು ಕಾಲೇಜಿನ ಮಾನ್ಯತೆಯನ್ನು ಖಚಿತಪಡಿಸಿಕೊಳ್ಳಬೇಕು. ವೈದ್ಯಕೀಯಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ನರ್ಸಿಂಗಿಗೆ ರಾಜ್ಯ ಮತ್ತು ಭಾರತೀಯ ನರ್ಸಿಂಗ್ ಪರಿಷತ್ತುಗಳು, ಔಷಧ ವಿಜ್ಞಾನಕ್ಕೆ ಭಾರತೀಯ ಫಾರ್ಮಸಿ ಪರಿಷತ್ತು ತಮ್ಮ ಜಾಲತಾಣಗಳಲ್ಲಿ ಪಟ್ಟಿಗಳನ್ನು ಪ್ರಕಟಿಸುತ್ತವೆ. ವಿಶ್ವವಿದ್ಯಾಲಯದ ಸಂಯೋಜನೆ ಆ ವರ್ಷಕ್ಕೆ, ಆ ಕೋರ್ಸಿಗೆ, ಎಷ್ಟು ಸೀಟುಗಳಿಗೆ ಇದೆ ಎಂಬುದನ್ನೂ ನೋಡಬೇಕು. "ಮಾನ್ಯತೆ ಇನ್ನೇನು ಬರುತ್ತದೆ" ಎನ್ನುವ ಮಧ್ಯವರ್ತಿಯ ಮಾತಿಗೆ ಹಣ ಕೊಡಬಾರದು. ನೋಂದಣಿ ಸಿಗದ ಪದವಿ ನಾಲ್ಕು ವರ್ಷಗಳ ಆಯುಷ್ಯವನ್ನೇ ನುಂಗಿಬಿಡುತ್ತದೆ.

ನಮ್ಮ ಸಮಾಜದವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ರಾಜ್ಯದಲ್ಲಿ ವೀರಶೈವ-ಲಿಂಗಾಯತರು 3ಬಿ ಪ್ರವರ್ಗಕ್ಕೆ ಸೇರಿದ್ದಾರೆ. ಕೇಂದ್ರದ ಇತರೆ ಹಿಂದುಳಿದ ವರ್ಗಗಳ ಪಟ್ಟಿ ಬೇರೆಯಾಗಿದ್ದು, ಅದರಲ್ಲಿ ಕೆಲವು ಒಳಪಂಗಡಗಳು ಮಾತ್ರ ಇವೆ. ನೀಟ್ ಅರ್ಜಿಯಲ್ಲಿ ಪ್ರವರ್ಗ ತುಂಬುವ ಮೊದಲು ಎರಡನ್ನೂ ಪರಿಶೀಲಿಸುವುದು ಅವಶ್ಯ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ, ಅನ್ವಯಿಸುವವರಿಗೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳು ಮೊದಲೇ ಕೈಯಲ್ಲಿರಬೇಕು. ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳು 371ಜೆ ಅರ್ಹತಾ ಪತ್ರವನ್ನು ಮರೆಯಬಾರದು. ಆ ಭಾಗದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳು ಅವರಿಗೆ ಮೀಸಲಿವೆ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ 'ಬಸವ ಬೆಳಗು' ಶೈಕ್ಷಣಿಕ ಸಾಲ ಯೋಜನೆಯನ್ನೂ ವಿಚಾರಿಸಿ ನೋಡಬಹುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಮಾಹಿತಿ ಪುಸ್ತಿಕೆಯೇ ಕೊನೆಯ ಪ್ರಮಾಣ.

ಪಾಲಕರಲ್ಲಿ ಅರಿಕೆ

ಸಮಾಜದ ಹಿರಿಯರು 1910ರಲ್ಲಿ ವಿಜಯಪುರದ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯ ಕೆಎಲ್‌ಇ ಸಂಸ್ಥೆಗಳನ್ನು ಕಟ್ಟಿದಾಗ ನಮ್ಮ ಹಳ್ಳಿಗಳಲ್ಲಿ ಓದು ಬರಹ ಬಲ್ಲವರೇ ವಿರಳವಾಗಿದ್ದರು. ಶಾಲೆಯಿಂದ ಆರಂಭವಾದ ಆ ದಾಸೋಹ ಇಂದು ವೈದ್ಯಕೀಯ ಮಹಾವಿದ್ಯಾಲಯಗಳಾಗಿ ಬೆಳೆದು ನಿಂತಿದೆ. ಅವರು ಕಟ್ಟಿದ್ದು ಮಕ್ಕಳು ತಮ್ಮ ಶಕ್ತಿಗೆ ತಕ್ಕ ಕಾಯಕವನ್ನು ಕಂಡುಕೊಳ್ಳಲೆಂದು, ನೆರೆಮನೆಯವರೊಡನೆ ಸ್ಪರ್ಧಿಸಲೆಂದಲ್ಲ.

ಆದುದರಿಂದ ಹತ್ತನೆಯ ತರಗತಿ ಮುಗಿದ ಕೂಡಲೇ ಮಗುವಿನೊಡನೆ ಕುಳಿತು ಮಾತನಾಡಿರಿ. ರಕ್ತ ಕಂಡರೆ ಕಂಗೆಡುವ ಮಗುವಿಗೆ ಪ್ರಯೋಗಾಲಯ ಒಗ್ಗಬಹುದು, ಪ್ರಯೋಗಾಲಯದಲ್ಲಿ ಬೇಸರಪಡುವ ಮಗು ರೋಗಿಯ ಹಾಸಿಗೆಯ ಬಳಿ ಅರಳಬಹುದು. ಸಾಧ್ಯವಾದರೆ ಪರಿಚಿತರ ಮೂಲಕ ಒಂದೆರಡು ದಿನ ಹತ್ತಿರದ ಆಸ್ಪತ್ರೆಯ ಕೆಲಸಗಳನ್ನು ತೋರಿಸಿರಿ. ನಂತರ ಮೊದಲ ಆಯ್ಕೆ, ಎರಡನೆಯ ಆಯ್ಕೆ, ಮೂರನೆಯ ಆಯ್ಕೆಗಳನ್ನು ಬರೆದಿಡಿರಿ. ಎರಡನೆಯದನ್ನು ಬರೆಯುವಾಗ ನಿಮ್ಮ ಮುಖ ಬಾಡದಿರಲಿ. ಮಕ್ಕಳು ಓದುವ ಮೊದಲ ಪಾಠ ಅದೇ ಆಗಿರುತ್ತದೆ.