ಒಲೆ, ಮಳೆ, ಮಣ್ಣು: ನಮ್ಮ ಸೀಮೆಗೆ ಬಂದ ಟಾಟಾ ಇನ್‌ಸ್ಟಿಟ್ಯೂಟ್

ಕೊರಟಗೆರೆ, ಮಧುಗಿರಿ ಕಡೆಯವರು ವ್ಯಾಪಾರಕ್ಕೆಂದು ಬೆಂಗಳೂರಿನ ಯಶವಂತಪುರದ ಮಂಡಿಗೆ ಹೋಗಿಬರುವುದು ಇಂದು ನಿನ್ನೆಯ ಮಾತಲ್ಲ. ಮಂಡಿ ದಾಟಿ ಮಲ್ಲೇಶ್ವರದ ದಿಕ್ಕಿಗೆ ತಿರುಗಿದರೆ ಮರಗಳ ನೆರಳಿನಲ್ಲಿ ಉದ್ದನೆಯ ಕಾಂಪೌಂಡೊಂದು ಸಿಗುತ್ತದೆ. ಹಿರಿಯರ ಬಾಯಲ್ಲಿ ಅದು ಈಗಲೂ ‘ಟಾಟಾ ಇನ್‌ಸ್ಟಿಟ್ಯೂಟ್’. ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ವಿಮಾನ, ಕಂಪ್ಯೂಟರ್ ಚಿಪ್ಪು, ಮಿದುಳಿನ ನರಗಳ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ ಎಂಬುದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅದೇ ಸಂಸ್ಥೆಯ ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಅಡುಗೆಮನೆಯ ಹೊಗೆಯನ್ನೂ ಪಾವಗಡದ ಕಡಲೆಕಾಯಿ ಬಿತ್ತನೆಯನ್ನೂ ಅಷ್ಟೇ ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದಾರೆ. ಆ ಕಥೆ ನಮ್ಮ ತೋವಿನಕೆರೆ ಸೀಮೆಯ ಮನೆಮನೆಗೂ ತಿಳಿದಿರಬೇಕಿತ್ತು.

ಸಂಸ್ಥೆ ಆರಂಭವಾದದ್ದು 1909ರಲ್ಲಿ. ಕನಸು ಜಮ್‌ಶೆಟ್‌ಜಿ ಟಾಟಾ ಅವರದು, 371 ಎಕರೆ ಜಾಗ ಮೈಸೂರು ಸಂಸ್ಥಾನದ್ದು. ಮೊದಲ ತಂಡದ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಮೂರೇ ವರ್ಷಕ್ಕೆ ಮಹಾಯುದ್ಧ ಶುರುವಾಗಿ, ಮೈಸೂರಿನ ಶ್ರೀಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಿತು. ಎಣ್ಣೆಯನ್ನು ಇಲ್ಲೇ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಈ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್. 1916ರ ಹೊತ್ತಿಗೆ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಸರ್ಕಾರಿ ಕಾರ್ಖಾನೆ ನಡೆಯುತ್ತಿತ್ತು. ನಾಡಿಗೆ ಬಂದ ಕಷ್ಟವನ್ನು ಪ್ರಯೋಗಾಲಯದ ಮೇಜಿನ ಮೇಲಿಡುವ ಪದ್ಧತಿ ಹೀಗೆ ಮೊದಲಿನಿಂದಲೇ ಇತ್ತು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಇವತ್ತು ಅಲ್ಲಿ ನಲವತ್ತಕ್ಕೂ ಹೆಚ್ಚು ವಿಭಾಗ, ಕೇಂದ್ರಗಳಿವೆ.

ಹಳ್ಳಿಯ ಕಡೆಗೆ ಬಾಗಿಲು ತೆರೆದದ್ದು ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ. ವಿದ್ಯುತ್ ರಸಾಯನ ವಿಜ್ಞಾನದಲ್ಲಿ ಜಗತ್ತೇ ಓದುವ ಗ್ರಂಥ ಬರೆದಿದ್ದ ಅಮೂಲ್ಯ ಕೆ.ಎನ್. ರೆಡ್ಡಿ 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅದರ ವಿಸ್ತರಣಾ ಕೇಂದ್ರ ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ನೆಲೆಯಾಯಿತು. ಯಂತ್ರ ಮಾಡುವ ಮೊದಲು ಅವರು ಮನೆಮನೆ ತಿರುಗಿ ಲೆಕ್ಕ ಬರೆದರು: ಯಾರ ಮನೆಗೆ ಎಷ್ಟು ಸೌದೆ ಬೇಕು, ತರುವವರು ಯಾರು, ಎಷ್ಟು ಹೊತ್ತು ಹಿಡಿಯುತ್ತದೆ? ಆರು ಹಳ್ಳಿಗಳ ಆ ಸಮೀಕ್ಷೆ ಹೇಳಿದ್ದು ಸ್ಪಷ್ಟವಾಗಿತ್ತು. ಹಳ್ಳಿ ಬಳಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದು, ಅದರಲ್ಲಿ ಬಹುಪಾಲು ಉರಿಯುವುದು ಅಡುಗೆಗೆ, ಮನೆಗೆಲಸದ ದುಡಿಮೆಯ ಹೆಚ್ಚಿನ ಭಾರ ಹೆಂಗಸರ ಮೇಲೆ. ಮನೆಯೊಂದಕ್ಕೆ ದಿನಕ್ಕೆ ಎರಡು ಗಂಟೆಗೂ ಹೆಚ್ಚು ಹೊತ್ತು ಸೌದೆಗೇ ಹೋಗುತ್ತಿತ್ತು. ಅದನ್ನು ಅಂಕಿಯಲ್ಲಿ ಬರೆದು ದೇಶದ ಇಂಧನ ನೀತಿ ಮಾಡುವವರ ಮುಂದಿಟ್ಟದ್ದೇ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ.

ಆ ಲೆಕ್ಕದಿಂದ ಹುಟ್ಟಿದ್ದು ಅಸ್ತ್ರ ಒಲೆ. ಹಳೆಯ ಒಲೆಯಲ್ಲಿ ಉರಿಯ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಾಗಿ, ಉಳಿದದ್ದು ಗಾಳಿಪಾಲಾಗುತ್ತಿತ್ತು. ಸುತ್ತ ಮುಚ್ಚಿದ ಈ ಒಲೆಯಲ್ಲಿ ಒಂದೇ ಉರಿಗೆ ಮುದ್ದೆ, ಸಾರು, ನೀರು ಒಟ್ಟಿಗೇ ಕಾದವು. ಹೊಗೆ ಕೊಳವೆ ಹಿಡಿದು ಸೂರಿನಾಚೆ ಹೋಯಿತು. ಕರ್ನಾಟಕದ ಸಾವಿರಾರು ಮನೆಗಳಿಗೆ ಅದು ತಲುಪಿತು. ಇದೇ ಬಳಗದ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿಯಾಗುವ ಇಟ್ಟಿಗೆ ಮಾಡಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಮನೆಮನೆಯ ಸಗಣಿ ಒಟ್ಟುಗೂಡಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿ, ಬೀದಿಗೆ ನಲ್ಲಿ ನೀರು, ಮನೆಗೆ ದೀಪ ಕೊಟ್ಟರು.

ಕೊರಟಗೆರೆ ತಾಲ್ಲೂಕಿಗೂ ಸಂಸ್ಥೆಯ ವಿದ್ಯೆ ಬಂತು, ಇಲ್ಲಿ ಸಗಣಿಯ ಬದಲು ಸೌದೆ. ಕಟ್ಟಿಗೆಯ ಚೂರುಗಳನ್ನು ಕಡಿಮೆ ಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್, ಜಲಜನಕ ಸೇರಿದ ಅನಿಲ ಹೊರಡುತ್ತದೆ. ಅದರ ಬೂದಿ, ಟಾರು ತೆಗೆದು ತಣಿಸಿದರೆ ಎಂಜಿನ್‌ಗೆ ಉಣಿಸಬಹುದು. ಎಚ್.ಎಸ್. ಮುಕುಂದ ಅವರ ದಹನ ಪ್ರಯೋಗಾಲಯ ವರ್ಷಗಟ್ಟಲೆ ತಿದ್ದಿದ, ಹೀಗೆ ಅನಿಲ ತೆಗೆಯುವ ಗ್ಯಾಸಿಫೈಯರ್ ಅನ್ನು ಆಧರಿಸಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ರಾಜ್ಯ ಸರ್ಕಾರದ ನೆರವಿನಿಂದ, ಕಬ್ಬಿಗೆರೆಯಲ್ಲಿ 500 ಕಿಲೊವ್ಯಾಟ್‌ನ ಘಟಕ ಎದ್ದಿತು. ಗ್ರಾಮ ಪಂಚಾಯಿತಿಯೊಂದು ತಾನೇ ವಿದ್ಯುತ್ ಮಾಡಿ ಬೆಸ್ಕಾಂ ಜಾಲಕ್ಕೆ ಮಾರಿತು. ಮುಂದೆ ಕಟ್ಟಿಗೆ ಪೂರೈಕೆ, ದುರಸ್ತಿ, ಖರ್ಚು ಇವೇ ತೊಡಕಾದವು. ಯಂತ್ರ ಓಡುವುದನ್ನು ಪ್ರಯೋಗಾಲಯ ತೋರಿಸಿಕೊಡಬಲ್ಲದು. ದಿನವೂ ಟನ್ನುಗಟ್ಟಲೆ ಸೌದೆ ಯಾರು ಬೆಳೆದು ತರುತ್ತಾರೆ ಎಂಬುದಕ್ಕೆ ಉತ್ತರ ಊರಿನಿಂದಲೇ ಬರಬೇಕು, ಅದಕ್ಕೆ ಹತ್ತಾರು ವರ್ಷ ಬೇಕು. ಈ ಪಾಠವನ್ನೂ ಸಂಶೋಧನೆಯ ಫಲವೆಂದೇ ನಾನು ಎಣಿಸುತ್ತೇನೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪಾವಗಡದ ಕಡಲೆಕಾಯಿಯ ಕೆಲಸ. ಅನಂತಪುರಕ್ಕೆ ಅಂಟಿಕೊಂಡ ಆ ಸೀಮೆಯಲ್ಲಿ ಮಳೆ ಕಡಿಮೆ, ಬಂದರೂ ಹೊತ್ತಿಗೆ ಬರುವುದಿಲ್ಲ. ಬೇಸಾಯ ಬಹುತೇಕ ಮುಗಿಲನ್ನೇ ನಂಬಿದ್ದು. ಮುಂಗಾರಿನ ವಿಜ್ಞಾನದಲ್ಲಿ ದೊಡ್ಡ ಹೆಸರಾದ ಸುಲೋಚನಾ ಗಾಡ್ಗೀಳ್ ಸಂಸ್ಥೆಯ ವಾಯುಮಂಡಲ ಅಧ್ಯಯನ ಕೇಂದ್ರದಲ್ಲಿದ್ದು ಈ ರೈತರ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರ ಜೊತೆ ನಿಂತವರು ಪಿ.ಆರ್. ಶೇಷಗಿರಿರಾವ್: ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ, ಪಾವಗಡ ತಾಲ್ಲೂಕಿನಲ್ಲಿ ಬೇಸಾಯ ಮಾಡಿದವರು. ಹಗುರ ಮಣ್ಣಿನಲ್ಲಿ ಬಿತ್ತನೆ ಯಾವಾಗ ಎಂಬುದೇ ರೈತನ ದೊಡ್ಡ ನಿರ್ಧಾರ. ಜೂನ್ 22ರಿಂದ ಆಗಸ್ಟ್ 17ರವರೆಗೆ ಹದವಾದಾಗ ಬಿತ್ತುವುದು ಅಲ್ಲಿನ ರೂಢಿ. ಮಳೆ ನಕ್ಷತ್ರದ ಲೆಕ್ಕದಲ್ಲಿ ಆರಿದ್ರೆ ಹುಟ್ಟಿದಾಗಿನಿಂದ ಆಶ್ಲೇಷ ಮುಗಿಯುವವರೆಗೆ. ದಶಕಗಳ ದಿನವಹಿ ಮಳೆಯ ಲೆಕ್ಕವನ್ನು ಬೆಳೆಯ ಗಣಿತ ಮಾದರಿಗೆ ಕೊಟ್ಟು, ಯಾವ ದಿನ ಬಿತ್ತಿದರೆ ಇಳುವರಿ ಎಷ್ಟು ಎಂದು ಅವರು ನೋಡಿದರು. ಊಡು ಇಳಿದು ಕಾಯಿ ತುಂಬುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಹೋಯಿತು. ಜುಲೈ ನಡುವಿನ ನಂತರ ಬಿತ್ತಿದರೆ ಆ ಅಪಾಯ ಕಡಿಮೆ ಎಂದು ಲೆಕ್ಕ ತೋರಿಸಿತು. 2002ರಲ್ಲಿ ಇದು ಅಂತರರಾಷ್ಟ್ರೀಯ ಕೃಷಿ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಈ ಬಾರಿ ಒಳ್ಳೆಯ ಮಳೆ’ ಎಂಬ ಒಟ್ಟಾರೆ ಮುನ್ಸೂಚನೆಯಿಂದ ರೈತನಿಗೆ ಆಗುವ ಉಪಕಾರ ಸ್ವಲ್ಪ. ಅವನಿಗೆ ಬೇಕಾದದ್ದು ತನ್ನ ಹೊಲ, ತನ್ನ ಬೆಳೆ, ತನ್ನ ಮುಂದಿರುವ ಆಯ್ಕೆಗಳಿಗೆ ಹೊಂದುವ ಮಾತು. ಅದನ್ನು ರೈತನನ್ನೇ ಕೂರಿಸಿಕೊಂಡು ಕೇಳಿದ್ದರಿಂದ ಆ ಸಂಶೋಧನೆಗೆ ತೂಕ ಬಂತು.

ಸಂಸ್ಥೆ ಈಗ ನಮ್ಮ ನೆರೆಯ ಜಿಲ್ಲೆಗೂ ಬಂದಿದೆ. ಪಾವಗಡ, ಶಿರಾಗಳ ಆಚೆ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ 1,500 ಎಕರೆಯ ಎರಡನೆಯ ಆವರಣವಿದೆ. ಅಲ್ಲಿನ ಅಮೃತಮಹಲ್ ಕಾವಲು ಹಲವು ಸಂಸ್ಥೆಗಳಿಗೆ ಹಂಚಿಹೋದಾಗ ಕುರಿ, ದನ ಮೇಯಿಸುವ ಹಳ್ಳಿಯವರು ತಕರಾರು ತೆಗೆದರು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹುಲ್ಲುಗಾವಲು ಬಿಟ್ಟುಕೊಟ್ಟ ಜನಕ್ಕೆ ಆ ಆವರಣ ಏನನ್ನು ಕೊಡುತ್ತದೆ ಎಂದು ಕೇಳುವುದು ನ್ಯಾಯ. ಶಾಲಾ ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ಅಲ್ಲಿ ಪ್ರಯೋಗಗಳ ತರಬೇತಿ ನಡೆಯುತ್ತಿರುವುದು ಒಳ್ಳೆಯ ಉತ್ತರದ ಆರಂಭ.

ಉಂಗ್ರದ ಸಮೀಕ್ಷೆ, ಪಾವಗಡದ ಬಿತ್ತನೆ ಲೆಕ್ಕ, ಕಬ್ಬಿಗೆರೆಯ ಅನುಭವ ಇವೆಲ್ಲ ಹುಟ್ಟಿದ್ದು ಕನ್ನಡದ ಬಾಯಿಮಾತಿನಿಂದ, ಪ್ರಕಟವಾದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಮಾತು ಕೊಟ್ಟ ಊರಿಗೆ ಬರಹ ಮರಳಬೇಕು. ವಿಜ್ಞಾನಿಗಳಲ್ಲಿ ನನ್ನ ವಿನಂತಿ: ಪ್ರಬಂಧದ ಜೊತೆಗೆ ನಾಲ್ಕು ಪುಟದ ಕನ್ನಡ ಬರಹವೊಂದನ್ನು ಆಯಾ ಪಂಚಾಯಿತಿಯ ಗ್ರಂಥಾಲಯಕ್ಕೆ ಕಳಿಸಿ. ತೋವಿನಕೆರೆ ಸುತ್ತಿನ ಶಿಕ್ಷಕರಲ್ಲಿ, ರೈತ ಸಂಘಗಳಲ್ಲಿ ಕೇಳುವುದೂ ಇಷ್ಟೇ. ಬತ್ತಿದ ಕೊಳವೆಬಾವಿ, ಹುಣಸೆಯ ಇಳುವರಿ, ಹೊತ್ತು ತಪ್ಪಿದ ಮಳೆ, ಏನೇ ಇರಲಿ, ನಿಮ್ಮ ಪ್ರಶ್ನೆಗಳನ್ನು ಬರೆದು ಚಳ್ಳಕೆರೆ ಆವರಣಕ್ಕೂ, ಬೆಂಗಳೂರಿಗೂ ಕಳಿಸಿ; ನಿಮ್ಮ ಶಾಲೆಯ ವಿಜ್ಞಾನ ಶಿಕ್ಷಕರನ್ನು ಮುಂದಿನ ತರಬೇತಿಗೆ ಕಳಿಸಿಕೊಡಿ.