ಎದುರು ಬದುರಾಗದ ತಂಡಗಳ ಬಲಾಬಲ

2023ರ ಡಿಸೆಂಬರ್ 3. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಅಂದಿನವರೆಗೆ 13 ಪಂದ್ಯಗಳನ್ನಾಡಿ ಹದಿಮೂರನ್ನೂ ಗೆದ್ದಿತ್ತು. ತನ್ನ ಒಕ್ಕೂಟದ ಚಾಂಪಿಯನ್ ಪಟ್ಟವೂ ಅದರದೇ. ಆದರೆ ರಾಷ್ಟ್ರೀಯ ಪ್ರಶಸ್ತಿಗಾಗಿ ಸೆಣಸಲಿರುವ ನಾಲ್ಕು ತಂಡಗಳ ಹೆಸರುಗಳನ್ನು ಆಯ್ಕೆ ಸಮಿತಿ ಪ್ರಕಟಿಸಿದಾಗ ಅದರಲ್ಲಿ ಈ ತಂಡದ ಹೆಸರಿರಲಿಲ್ಲ. ನಾಲ್ಕನೆಯ ಸ್ಥಾನ ಒಂದು ಪಂದ್ಯದಲ್ಲಿ ಸೋತಿದ್ದ ಅಲಬಾಮಾ ತಂಡಕ್ಕೆ ಹೋಯಿತು.

ಫ್ಲಾರಿಡಾ ಸ್ಟೇಟ್‌ನ ಮುಖ್ಯ ಆಟಗಾರ ಜೋರ್ಡನ್ ಟ್ರಾವಿಸ್ ಕಾಲಿಗೆ ಪೆಟ್ಟು ಮಾಡಿಕೊಂಡಿದ್ದರಿಂದ ತಂಡ ಮೊದಲಿನಂತಿಲ್ಲ ಎಂಬುದು ಸಮಿತಿಯ ಸಮಜಾಯಿಷಿ. ಅದರ ಜೊತೆಗೇ ಕ್ರೀಡಾಸಕ್ತರ ಬಾಯಲ್ಲಿ ಓಡಾಡುತ್ತಿದ್ದ ಮಾತು ಇನ್ನೊಂದು: “ಅವರದು ದುರ್ಬಲ ಒಕ್ಕೂಟ, ಅಲ್ಲಿ ಎಲ್ಲರನ್ನೂ ಸೋಲಿಸಿದರೆ ಏನಾಯಿತು?” ತಿಂಗಳು ಮುಗಿಯುವುದರೊಳಗೆ ವಿಶ್ವವಿದ್ಯಾಲಯ ತನ್ನದೇ ಒಕ್ಕೂಟದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು.

ದುರ್ಬಲ ಒಕ್ಕೂಟ, ಬಲಿಷ್ಠ ಒಕ್ಕೂಟ ಎಂದು ಹೇಳುವುದು ಸುಲಭ. ಅದನ್ನು ಅಳೆಯುವುದು ಹೇಗೆ? ಕಿರುತೆರೆಯ ಚರ್ಚೆಯಲ್ಲಿ ಲೆಕ್ಕ ಬಿಡಿಸಿ ತೋರಿಸುವುದು ಕಷ್ಟ. ಮುದ್ರಿತ ಪುಟದಲ್ಲಿ ಆ ಅನುಕೂಲವಿದೆ. ಆದ್ದರಿಂದ ಪೆನ್ಸಿಲ್ ಹಿಡಿದೇ ಓದಿ.

ಮೊದಲು ಆಟದ ಬಗ್ಗೆ ಎರಡು ಮಾತು. ನಾವು ಫುಟ್‌ಬಾಲ್ ಎಂದು ಕರೆಯುವುದು ಅಮೆರಿಕನ್ನರಿಗೆ ಸಾಕರ್. ಅವರ ಫುಟ್‌ಬಾಲ್‌ನಲ್ಲಿ ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ, ಅಡ್ಡ ಬಂದವರ ಮೇಲೆ ಮುಗಿಬೀಳುತ್ತಾರೆ. ಕಾಲೇಜು ಪಂದ್ಯಗಳಿಗೆ ಸೇರುವ ಜನ ಅಷ್ಟಿಷ್ಟಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೂರಬಹುದು. ಮೈಗೆ ಮೈ ಅಪ್ಪಳಿಸುವ ಆಟವಾದ್ದರಿಂದ ವಾರಕ್ಕೆ ಒಂದೇ ಪಂದ್ಯ, ಋತುವಿಗೆ ಸಾಮಾನ್ಯವಾಗಿ ಹನ್ನೆರಡು.

ತೊಡಕು ಇಲ್ಲೇ ಹುಟ್ಟುತ್ತದೆ. ಮೇಲ್ದರ್ಜೆಯ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. 130 ಎಂದೇ ಹಿಡಿದರೂ ಪ್ರತಿ ತಂಡವೂ ಉಳಿದೆಲ್ಲವನ್ನೂ ಒಮ್ಮೆ ಎದುರಿಸಲು 8,385 ಪಂದ್ಯಗಳು ಬೇಕು. ತಲಾ ಹನ್ನೆರಡರ ಲೆಕ್ಕದಲ್ಲಿ ನಡೆಯುವುದು ಸುಮಾರು 780. ಅಂದರೆ ಹತ್ತು ಜೋಡಿಗಳಲ್ಲಿ ಒಂಬತ್ತು ಎಂದೂ ಎದುರು ಬದುರಾಗುವುದೇ ಇಲ್ಲ.

ಈ ತಂಡಗಳಲ್ಲಿ ಹೆಚ್ಚಿನವು ಕಾನ್ಫರೆನ್ಸ್ ಎಂದು ಕರೆಯಲಾಗುವ ಒಕ್ಕೂಟಗಳಲ್ಲಿ ಹಂಚಿಕೊಂಡಿವೆ. ಹಳೆಯದು 1896ರಲ್ಲಿ ಆರಂಭವಾದ ‘ಬಿಗ್ ಟೆನ್’. ಹೆಸರಿನಲ್ಲಿ ಹತ್ತಿದ್ದರೂ 2024ರಿಂದ ಅದರಲ್ಲಿರುವ ತಂಡಗಳು ಹದಿನೆಂಟು! ದಕ್ಷಿಣದ ರಾಜ್ಯಗಳ ಸೌತ್ ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿ ಹದಿನಾರು. ಅಲಬಾಮಾ ಇರುವುದು ಇಲ್ಲಿ. ಫ್ಲಾರಿಡಾ ಸ್ಟೇಟ್ ಇರುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ. ಹಿಂದೆ ಒಕ್ಕೂಟವೆಂದರೆ ಅಕ್ಕಪಕ್ಕದ ರಾಜ್ಯಗಳ ತಂಡಗಳು. ಈಗ ಹಾಗಿಲ್ಲ. ಪೆಸಿಫಿಕ್ ತೀರದ ಲಾಸ್ ಏಂಜಲಿಸ್‌ನ ಎರಡು ತಂಡಗಳು 2024ರಲ್ಲಿ ಬಿಗ್ ಟೆನ್ ಸೇರಿ, ಅಟ್ಲಾಂಟಿಕ್ ತೀರದ ನ್ಯೂಜೆರ್ಸಿಯ ತಂಡದೊಂದಿಗೆ ಒಂದೇ ಒಕ್ಕೂಟದಲ್ಲಿವೆ. ಟೆಲಿವಿಷನ್ ಪ್ರಸಾರದ ಹಣ ಅಷ್ಟು ದೂರ ಎಳೆಯಿತು. ನಮ್ಮ ವೃತ್ತಿಯವರ ಪಾಲು ಇದರಲ್ಲಿ ಇಲ್ಲ ಎನ್ನಲಾರೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಓಣಿಯ ಹುಡುಗರು ತಮ್ಮ ತಮ್ಮಲ್ಲೇ ನೂರು ಸಲ ಕಬಡ್ಡಿ ಆಡಲಿ. ಪಕ್ಕದ ಓಣಿಯವರಿಗಿಂತ ಅವರು ಮೇಲೋ ಕೆಳಗೋ ಎಂದು ಆ ನೂರು ಆಟಗಳಿಂದ ತಿಳಿಯುವುದಿಲ್ಲ. ಪ್ರತಿ ಆಟದಲ್ಲೂ ಒಬ್ಬರಿಗೆ ಗೆಲುವು, ಇನ್ನೊಬ್ಬರಿಗೆ ಸೋಲು. ಓಣಿಯ ಒಟ್ಟು ಲೆಕ್ಕ ಯಾವಾಗಲೂ ಸಮ. ಹದಿನಾರು ತಂಡಗಳ ಒಕ್ಕೂಟದಲ್ಲಿ ತಲಾ ಎಂಟು ಆಂತರಿಕ ಪಂದ್ಯಗಳೆಂದರೆ ಒಟ್ಟು 64 ಪಂದ್ಯ, 64 ಗೆಲುವು, 64 ಸೋಲು. ತಂಡಗಳು ವಿಶ್ವಶ್ರೇಷ್ಠವಾಗಿರಲಿ, ಆಗತಾನೇ ಬೂಟು ಕಟ್ಟಿದವರಾಗಿರಲಿ, ಈ ಅಂಕಿಗಳು ಬದಲಾಗುವುದಿಲ್ಲ. ಒಕ್ಕೂಟದ ಬಲದ ಬಗ್ಗೆ ಸುದ್ದಿ ತರುವುದು ಹೊರಗಿನವರೊಡನೆ ಆಡುವ ಉಳಿದ ನಾಲ್ಕು ಪಂದ್ಯಗಳು ಮಾತ್ರ. ಅದರಲ್ಲೂ ಒಂದೆರಡನ್ನು ಸುಲಭವಾಗಿ ಮಣಿಯುವ ಸಣ್ಣ ಕಾಲೇಜುಗಳೊಡನೆ ಇಟ್ಟುಕೊಳ್ಳುವ ರೂಢಿಯಿದೆ. ಉಳಿಯುವ ಸಾಕ್ಷ್ಯ ಬಹಳ ತೆಳು.

ತೆಳುವಾದ ಈ ಸಾಕ್ಷ್ಯವನ್ನು ಪೂರ್ತಿ ಹಿಂಡಿ ತೆಗೆಯುವ ಒಂದು ವಿಧಾನವನ್ನು ಖಗೋಳ ಭೌತವಿಜ್ಞಾನಿ ವೆಸ್ ಕೋಲಿ ರೂಪಿಸಿದರು. ಪಂದ್ಯವನ್ನೇ ಆಡದ ತಂಡಕ್ಕೆ ಅಂಕ ಅರ್ಧ, ಅಂದರೆ 0.5, ಯಾರ ಮೇಲೂ ಪೂರ್ವಗ್ರಹವಿಲ್ಲ. ಅಲ್ಲಿಂದ ಮುಂದೆ ಸೂತ್ರ ಹೀಗಿದೆ: ಗೆಲುವಿನಿಂದ ಸೋಲನ್ನು ಕಳೆದು ಅರ್ಧ ಮಾಡಿ, ಅದಕ್ಕೆ 1 ಕೂಡಿ, ಎದುರಾಳಿಗಳ ಅಂಕಗಳನ್ನೂ ಕೂಡಿ, ಬಂದ ಮೊತ್ತವನ್ನು, ಆಡಿದ ಪಂದ್ಯಗಳ ಸಂಖ್ಯೆಗೆ 2 ಸೇರಿಸಿ ಅದರಿಂದ ಭಾಗಿಸಿ. ಎದುರಾಳಿಯ ಅಂಕ ಅವನ ಎದುರಾಳಿಗಳನ್ನು ಅವಲಂಬಿಸಿದೆ, ಅವರದು ಮತ್ತೆ ಇವನನ್ನು. ಇದಕ್ಕೆ ಕೊನೆ ಎಲ್ಲಿ ಎಂದು ಗಾಬರಿಯಾಗಬೇಡಿ. ಇದು ನೀವು ಬಲ್ಲ ಏಕಕಾಲಿಕ ಸಮೀಕರಣಗಳ ಸಮಸ್ಯೆಯೇ.

ಪುಟ್ಟ ಉದಾಹರಣೆ. ಮೊದಲ ಒಕ್ಕೂಟದಲ್ಲಿ ಎರಡೇ ತಂಡ: ಅ ಮತ್ತು ಆ. ಎರಡನೆಯದರಲ್ಲಿ ಕ ಮತ್ತು ಖ. ‘ಅ’ ತಂಡ ‘ಆ’ವನ್ನು ಸೋಲಿಸಿತು, ‘ಕ’ ತಂಡ ‘ಖ’ವನ್ನು ಸೋಲಿಸಿತು. ಸಮೀಕರಣ ಬಿಡಿಸಿದರೆ ಗೆದ್ದವರಿಗೆ 0.625, ಸೋತವರಿಗೆ 0.375. ಎರಡೂ ಒಕ್ಕೂಟಗಳ ಸರಾಸರಿ ಸರಿಯಾಗಿ 0.5. ಹೋಲಿಸಲು ದಾರಿಯೇ ಇಲ್ಲ.

ಈಗ ಒಂದೇ ಒಂದು ಸೇತುವೆ ಕಟ್ಟೋಣ. ತನ್ನ ಒಕ್ಕೂಟದಲ್ಲಿ ಸೋತಿದ್ದ ‘ಆ’, ಆಚೆಯ ಚಾಂಪಿಯನ್ ‘ಕ’ವನ್ನು ಸೋಲಿಸಿತು ಎನ್ನಿ. ಹೊಸ ಅಂಕಗಳು: ಅ 0.679, ಆ 0.536, ಕ 0.464, ಖ 0.321. ಒಕ್ಕೂಟದ ಸರಾಸರಿ ಈ ಕಡೆ 0.607, ಆ ಕಡೆ 0.393. ‘ಅ’ ತಂಡ ಆ ದಿನ ಮೈದಾನಕ್ಕೇ ಇಳಿದಿರಲಿಲ್ಲ; ಆದರೂ ಅದರ ಅಂಕ 0.625ರಿಂದ 0.679ಕ್ಕೆ ಏರಿತು. ಮನೆಯಲ್ಲೇ ಇದ್ದ ‘ಖ’ ಕೆಳಗಿಳಿಯಿತು. ಇನ್ನೊಂದು ಪಂದ್ಯ ಸೇರಿಸಿ: ‘ಖ’ ತಂಡ ‘ಅ’ವನ್ನು ಸೋಲಿಸಲಿ. ಆಗ ನಾಲ್ಕೂ ತಂಡಗಳು ಮರಳಿ 0.5ಕ್ಕೇ ಬಂದು ನಿಲ್ಲುತ್ತವೆ. ಯಾಕೆಂದು ಬಿಡಿಸಿ ನೋಡಿ.

ಕಾಗದದ ಮೇಲಿನ ಈ ಆಟ ನಿಜದಲ್ಲೂ ನಡೆದಿದೆ. 1998ರಿಂದ 2013ರವರೆಗಿನ ಆಯ್ಕೆ ಪದ್ಧತಿಯಲ್ಲಿ ಜನರ ಮತದ ಜೊತೆಗೆ ಕಂಪ್ಯೂಟರ್ ಲೆಕ್ಕಗಳೂ ಸೇರುತ್ತಿದ್ದವು. ಕೋಲಿಯವರದು ಅವುಗಳಲ್ಲಿ ಒಂದು. 2010ರ ಡಿಸೆಂಬರ್‌ನಲ್ಲಿ ಅಪಲಾಚಿಯನ್ ಸ್ಟೇಟ್ ಮತ್ತು ವೆಸ್ಟರ್ನ್ ಇಲಿನಾಯ್ ಎಂಬ, ಆಗ ಕೆಳದರ್ಜೆಯ ವಿಭಾಗದಲ್ಲಿದ್ದ ತಂಡಗಳ ಒಂದು ಪಂದ್ಯ ಅವರ ಲೆಕ್ಕಕ್ಕೆ ಸೇರದೇ ಉಳಿದಿತ್ತು. ಅದನ್ನು ಸೇರಿಸಿದಾಗ ಅಂತಿಮ ಪಟ್ಟಿಯ 10 ಮತ್ತು 11ನೆಯ ಸ್ಥಾನಗಳಲ್ಲಿದ್ದ ಲೂಯಿಸಿಯಾನಾ ಸ್ಟೇಟ್ ಮತ್ತು ಬಾಯ್ಸಿ ಸ್ಟೇಟ್ ಅದಲುಬದಲಾದವು! ಎಲ್ಲಿಯ ಪಂದ್ಯ, ಎಲ್ಲಿಯ ಸ್ಥಾನ.

ಗೆಲುವಿನ ಅಂತರವನ್ನೂ ಪರಿಗಣಿಸುವ ವಿಧಾನಗಳಿವೆ. ಕೆನೆತ್ ಮ್ಯಾಸಿ 1997ರಲ್ಲಿ, ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದಾಗಲೇ, ಅಂಥದೊಂದನ್ನು ಪ್ರಬಂಧವಾಗಿ ಬರೆದರು. ಪ್ರಯೋಗಾಲಯದಲ್ಲಿ ಚದುರಿದ ಬಿಂದುಗಳ ನಡುವೆ ಒಪ್ಪುವ ರೇಖೆ ಎಳೆಯುತ್ತೀರಲ್ಲ, ಅದೇ ತತ್ತ್ವ. ಆದರೆ ಅಂತರಕ್ಕೆ ಬೆಲೆ ಕೊಟ್ಟರೆ ಸೋತು ಸುಣ್ಣವಾದವರನ್ನು ಮತ್ತೂ ಚಚ್ಚುವ ಆಸೆ ಹುಟ್ಟುತ್ತದೆಂದು 2002ರಿಂದ ಆಯ್ಕೆ ಪದ್ಧತಿಯಲ್ಲಿ ಅದನ್ನು ಕೈಬಿಡಲಾಯಿತು. ಗಣಿತದ ದೃಷ್ಟಿಯಿಂದ ಅದು ನಷ್ಟ. ಆಟದ ದೃಷ್ಟಿಯಿಂದ ಸರಿಯೆಂದೇ ನನ್ನ ಅನಿಸಿಕೆ.

ಮನುಷ್ಯರ ಮತದಲ್ಲಿ ಬೇರೆಯೇ ತೊಂದರೆಯಿದೆ. ಪತ್ರಕರ್ತರ ಮತಪಟ್ಟಿ 1936ರಿಂದಲೂ ಬರುತ್ತಿದೆ. ಈಗ ಋತು ಆರಂಭವಾಗುವ ಮೊದಲೇ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಒಂದೇ ಒಕ್ಕೂಟದ ಆರು ತಂಡಗಳನ್ನು ಅದರಲ್ಲಿ ಮೇಲಿಟ್ಟರೆ, ಅವು ತಮ್ಮೊಳಗೆ ಆಡಿದಾಗ ಗೆದ್ದವನಿಗೆ ‘ದೊಡ್ಡ ತಂಡವನ್ನು ಸೋಲಿಸಿದ’ ಕೀರ್ತಿ, ಸೋತವನಿಗೆ ‘ದೊಡ್ಡ ತಂಡಕ್ಕೆ ಸೋತ’ ವಿನಾಯಿತಿ. ಆಗಸ್ಟ್‌ನ ಊಹೆ ನವೆಂಬರ್‌ನಲ್ಲಿ ಸಾಕ್ಷ್ಯದ ವೇಷದಲ್ಲಿ ಬರುತ್ತದೆ. ಕೋಲಿ ಎಲ್ಲರನ್ನೂ ಅರ್ಧದಿಂದ ಆರಂಭಿಸುವುದು ಇದನ್ನು ತಡೆಯಲೆಂದೇ.

ಋತುವಿನ ಕೊನೆಯ ಆಹ್ವಾನಿತ ಪಂದ್ಯಗಳನ್ನು ನೋಡಿ ತೀರ್ಮಾನಿಸಬಾರದೇ ಎಂದು ನೀವು ಕೇಳಬಹುದು. ಅಂಥದೊಂದರಲ್ಲಿ ಫ್ಲಾರಿಡಾ ಸ್ಟೇಟ್, ಜಾರ್ಜಿಯಾ ತಂಡಕ್ಕೆ 63-3ರಿಂದ ಸೋತಿತು. “ನೋಡಿದಿರಾ!” ಎಂದರು ಅನೇಕರು. ಆದರೆ ಪ್ರಶಸ್ತಿಯ ಆಸೆ ಕಮರಿದ ಮೇಲೆ ಆ ತಂಡದ ಎಷ್ಟೋ ಪ್ರಮುಖ ಆಟಗಾರರು ಮೈದಾನಕ್ಕೇ ಇಳಿಯಲಿಲ್ಲ. ಅದು 13 ಪಂದ್ಯ ಗೆದ್ದ ತಂಡವಾಗಿರಲಿಲ್ಲ.

ಇನ್ನು, ಬಲ ಎಂದರೆ ಯಾವುದರ ಬಲ? ತುದಿಯ ತಂಡದ್ದೋ, ಸರಾಸರಿಯದೋ? 2006ರಿಂದ 2012ರವರೆಗಿನ ಏಳು ಋತುಗಳಲ್ಲೂ ರಾಷ್ಟ್ರೀಯ ಪ್ರಶಸ್ತಿ ಸೌತ್ ಈಸ್ಟರ್ನ್ ಒಕ್ಕೂಟದ ತಂಡಗಳಿಗೇ ಹೋಯಿತು. ಇದು ತುದಿಯ ಎತ್ತರಕ್ಕೆ ಪುರಾವೆ. ಅದೇ ಒಕ್ಕೂಟದ ಹನ್ನೊಂದನೆಯ ತಂಡದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪ್ರಶಸ್ತಿ ಯಾರಿಗೆ ಎಂಬ ಪ್ರಶ್ನೆಗೆ ತುದಿ ಮುಖ್ಯ. ಒಂದು ತಂಡ ಪಟ್ಟ ಶ್ರಮ ಎಷ್ಟು ಎಂಬ ಪ್ರಶ್ನೆಗೆ ಅದು ಎದುರಿಸಿದ ಎಲ್ಲರೂ ಮುಖ್ಯ. ವಾದಕ್ಕೆ ಕೂತವರು ಹಲವು ಸಲ ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಹೇಳುತ್ತಿರುತ್ತಾರೆ.

2024ರಿಂದ ಅಂತಿಮ ಸುತ್ತಿಗೆ ಹನ್ನೆರಡು ತಂಡಗಳು ಬರುತ್ತಿವೆ. 2025ರ ಋತುವಿನ ನಿಯಮದಂತೆ ಒಕ್ಕೂಟಗಳ ಚಾಂಪಿಯನ್‌ಗಳಲ್ಲಿ ಸಮಿತಿ ಮೇಲಿಟ್ಟ ಐದಕ್ಕೆ ಸ್ಥಾನ ಖಚಿತ. ಅಟ್ಲಾಂಟಿಕ್ ಕೋಸ್ಟ್ ಚಾಂಪಿಯನ್ ಆದ ಡ್ಯೂಕ್, ಐದು ಪಂದ್ಯಗಳಲ್ಲಿ ಸೋತಿದ್ದರಿಂದ, ಆ ಐದರಲ್ಲಿ ಸೇರಲಿಲ್ಲ. ಸಣ್ಣವೆಂದು ಎಣಿಸಲಾಗುವ ಒಕ್ಕೂಟಗಳ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಒಳಗೆ ಬಂದವು. ಅದೇ ಅಟ್ಲಾಂಟಿಕ್ ಕೋಸ್ಟ್‌ನಲ್ಲಿ ಚಾಂಪಿಯನ್ ಆಗದ ಮಯಾಮಿಗೆ ಸಮಿತಿ ಬೇರೆ ದಾರಿಯಿಂದ ಸ್ಥಾನ ಕೊಟ್ಟಿತು. ಆ ಮಯಾಮಿ, ಹಿಂದಿನ ವರ್ಷದ ಪ್ರಶಸ್ತಿ ವಿಜೇತ ಒಹಾಯೊ ಸ್ಟೇಟ್ ತಂಡವನ್ನು ಸೋಲಿಸಿ 2026ರ ಜನವರಿಯಲ್ಲಿ ಫೈನಲ್ ಆಡಿತು; ಅಲ್ಲಿ ಬಿಗ್ ಟೆನ್‌ನ ಇಂಡಿಯಾನಾಗೆ ಸೋತಿತು.